ಮೂರು ಬೆರಳು ಎಡಕ್ಕೆ

ಮಾರ್ಚ್ ೪, ಮಂಗಳವಾರ

ದಿನಚರಿ ಬರೆಯದೆ ಹತ್ತು ವರ್ಷವಾಯಿತು. ಇವತ್ತು ಬರೆಯದೆ ದಾರಿಯಿಲ್ಲ. ಹೇಳಿಕೊಳ್ಳೋಣವೆಂದರೆ ಮನೆಯಲ್ಲಿ ಇರುವವರು ಇವರೊಬ್ಬರೇ. ಮೂವತ್ತು ವರ್ಷ ಲೇತ್ ಯಂತ್ರದ ಮುಂದೆ ನಿಂತು ಇವರ ಕಿವಿ ಪೂರ್ತಿ ಹೋಗಿದೆ. ತುಟಿ ನೋಡಿ ಅರ್ಧ ಹಿಡಿಯುತ್ತಾರೆ, ಮಿಕ್ಕರ್ಧ ಕೂಗಬೇಕು. ಗುಟ್ಟು ಹೇಳಿದರೆ ಕೆಳಗಿನ ಮನೆಯವರು ಮೇಲೆ ಬಂದು ಸಮಾಧಾನ ಹೇಳಿ ಹೋಗುತ್ತಾರೆ.

ಬೆಳಿಗ್ಗೆ ಹನ್ನೊಂದರ ಹೊತ್ತಿಗೆ ನ್ಯಾಯಾಲಯದ ಮುಂದೆ ಕೈದಿಯೊಬ್ಬ ಪೊಲೀಸ್ ವ್ಯಾನಿನಿಂದ ಹಾರಿ ಓಡಿದನಂತೆ. ಕಾವಲಿಗಿದ್ದ ನಮ್ಮ ಪೇದೆ ಕೊಕ್ಕರೆ ಬೆನ್ನು ಹತ್ತಿದ. ಉದ್ದ ಕಾಲಿನ ಹುಡುಗ, ಅದಕ್ಕೇ ಆ ಹೆಸರು. ಅವನ ನಿಜವಾದ ಹೆಸರು ಠಾಣೆಯಲ್ಲಿ ಹಾಜರಿ ಪುಸ್ತಕಕ್ಕೆ ಮಾತ್ರ ಗೊತ್ತು. ನಿಲ್ಲು ನಿಲ್ಲು ಎಂದು ಕೂಗಿ, ಕೈದಿಯ ಕಾಲಿಗೆ ಗುರಿ ಇಟ್ಟು ಒಂದೇ ಒಂದು ಗುಂಡು ಹೊಡೆದಿದ್ದಾನೆ. ಅದು ಬಸ್ ನಿಲ್ದಾಣದ ಬೆಂಚಿನ ಮೇಲೆ ಕೂತಿದ್ದ ಒಬ್ಬ ಹೆಂಗಸಿಗೆ ತಾಗಿತು. ಆಸ್ಪತ್ರೆ ಮುಟ್ಟುವ ಮೊದಲೇ ಹೋಗಿಬಿಟ್ಟರಂತೆ.

ಸುದ್ದಿ ಬಂದಾಗ ನಾನು ಆಯುಧ ಕೊಠಡಿಯಲ್ಲಿ ಸ್ಪ್ರಿಂಗುಗಳಿಗೆ ಎಣ್ಣೆ ಹಾಕುತ್ತಿದ್ದೆ. ಹೇಳಿದವನು ಅತ್ತ ಹೋಗುತ್ತಿದ್ದಂತೆ ರಿಜಿಸ್ಟರ್ ತೆರೆದು ಕೊಕ್ಕರೆ ಬೆಳಿಗ್ಗೆ ಒಯ್ದ ಪಿಸ್ತೂಲು ಯಾವುದೆಂದು ನೋಡಿದೆ. ನಲವತ್ತೇಳು.

ಸ್ಟೂಲಿನ ಮೇಲೆ ಕೂತವಳು ಊಟದ ಗಂಟೆಯವರೆಗೆ ಏಳಲಿಲ್ಲ.

ಮಾರ್ಚ್ ೫, ಬುಧವಾರ

ಇದ್ದದ್ದನ್ನು ಇದ್ದ ಹಾಗೆ ಬರೆದಿಡುತ್ತೇನೆ. ಆಮೇಲೆ ನನಗೇ ಮರೆಯಬಾರದು.

ಹೋದ ನವೆಂಬರಿನಲ್ಲಿ ಕೊಕ್ಕರೆ ವ್ಯಾನಿನಿಂದ ಇಳಿಯುವಾಗ ನಲವತ್ತೇಳನ್ನು ಕಲ್ಲು ಮೆಟ್ಟಿಲ ಮೇಲೆ ಬೀಳಿಸಿದ. ಮುಚ್ಚಿಟ್ಟುಕೊಳ್ಳದೆ ನೇರ ನನ್ನ ಕಿಟಕಿಗೇ ಬಂದ. "ಅಕ್ಕಾ, ಬಿದ್ದುಹೋಯ್ತು. ಬೈಬೇಡಿ" ಅಂದ. ಬಿಚ್ಚಿ ನೋಡಿದೆ. ನಳಿಗೆಯ ಬಾಯಂಚಿನಲ್ಲಿ ಸಾಸಿವೆ ಕಾಳಿನಷ್ಟು ಜಜ್ಜಿತ್ತು. ಬೇರೆಲ್ಲಿ ಜಜ್ಜಿದ್ದರೂ ನಾನು ತಲೆ ಕೆಡಿಸಿಕೊಳ್ಳುತ್ತಿರಲಿಲ್ಲ. ಗುಂಡು ಹೊರಗೆ ಹೋಗುವಾಗ ಕಟ್ಟಕಡೆಗೆ ಮುಟ್ಟುವ ಜಾಗ ಅದು. ಅಂಚು ಸುತ್ತಲೂ ಒಂದೇ ಸಮ ಇದ್ದರೆ ಹಿಂದಿನ ಹೊಗೆ ಎಲ್ಲ ಕಡೆಯಿಂದ ಒಟ್ಟಿಗೆ ಬಿಡುಗಡೆಯಾಗುತ್ತದೆ. ಒಂದು ಕಡೆ ಗಾಯವಾಗಿದ್ದರೆ ಅಲ್ಲಿಂದ ಮೊದಲು ನುಗ್ಗುತ್ತದೆ, ಗುಂಡಿಗೆ ಬದಿಯಿಂದ ಸಣ್ಣ ತಳ್ಳು ಸಿಗುತ್ತದೆ. ಬಾಗಿಲು ದಾಟುವಾಗ ಯಾರೋ ಹೆಗಲು ತಾಗಿಸಿದ ಹಾಗೆ.

ಸಣ್ಣ ಅರ ಹಿಡಿದು ಉಜ್ಜಿದೆ, ಹೊಳಪು ಕೊಟ್ಟೆ. ಪೂರ್ತಿ ಹೋಗಲಿಲ್ಲ. ಬೀರುವಿನಲ್ಲಿ ಎರಡು ಹೊಸ ನಳಿಗೆ ಇದ್ದವು. ಹಾಕಲು ಕಾಲು ಗಂಟೆ ಕೂಡ ಬೇಡ. ಅವನೇ ಕೇಳಿದ, "ಬದಲಾಯಿಸಿಬಿಡಬಹುದಲ್ವಾ ಅಕ್ಕಾ?" ಅಂತ.

"ಇಷ್ಟಕ್ಕೆಲ್ಲ ಬದಲಾಯಿಸ್ತಾ ಕೂತ್ರೆ ಬೀರು ಖಾಲಿಯಾಗುತ್ತೆ. ಹೋಗೋ" ಅಂದೆ. ನಗುತ್ತಾ ಹೋದ. ರಿಜಿಸ್ಟರಿನಲ್ಲಿ ಬರೆದೆ: ಬಾಯಂಚಿನಲ್ಲಿ ಸಣ್ಣ ಗಾಯ, ಅರ ಹಾಕಿದೆ, ಉಪಯೋಗಕ್ಕೆ ತೊಂದರೆಯಿಲ್ಲ. ಕೆಳಗೆ ನನ್ನ ಸಹಿ.

ಇದನ್ನು ಹೇಳಿಬಿಡುತ್ತೇನೆ. ಯಾರಾದರೂ ಕೇಳುವ ಮೊದಲೇ ಹೇಳುತ್ತೇನೆ.

ಮಾರ್ಚ್ ೭, ಶುಕ್ರವಾರ

ತೀರಿಕೊಂಡ ಹೆಂಗಸು ಆಸ್ಪತ್ರೆಯ ಬಟ್ಟೆ ಒಗೆಯುವ ವಿಭಾಗದಲ್ಲಿ ಇಸ್ತ್ರಿ ಮಾಡುತ್ತಿದ್ದರಂತೆ. ನಲವತ್ಮೂರು ವರ್ಷ. ಅವತ್ತು ಎರಡನೇ ಪಾಳಿ ಇದ್ದದ್ದರಿಂದ ಆ ಹೊತ್ತಿನ ಬಸ್ಸಿಗೆ ಕಾಯುತ್ತಿದ್ದರು. ಕಿತ್ತುಹೋದ ಚಪ್ಪಲಿಯೊಂದು ಕೈಚೀಲದಲ್ಲಿತ್ತು, ಹೊಲಿಸಲು.

ಕೆಲಸ ಮುಗಿಸಿ ಆ ಬಸ್ ನಿಲ್ದಾಣಕ್ಕೆ ಹೋಗಿದ್ದೆ. ಕೊಕ್ಕರೆ ನಿಂತಿದ್ದ ಜಾಗದಲ್ಲಿ ಇನ್ನೂ ಸುಣ್ಣದ ಗುರುತಿದೆ. ಅಲ್ಲಿಂದ ಬೆಂಚಿಗೆ ಇಪ್ಪತ್ತೈದು ಹೆಜ್ಜೆ. ಬೆಂಚು ತೊಳೆದಿದ್ದಾರೆ. ಇಬ್ಬರು ಕೂತು ಬಸ್ ಕಾಯುತ್ತಿದ್ದರು, ಒಬ್ಬರು ಸರಿದು ನನಗೂ ಜಾಗ ಬಿಟ್ಟರು. ಕೂರಲು ಆಗಲಿಲ್ಲ.

ಬೆಳಿಗ್ಗೆಯೇ ದೊಡ್ಡ ಸಾಹೇಬರ ಹತ್ತಿರ ಹೋಗಿ ನವೆಂಬರಿನ ವಿಷಯ ಹೇಳಿದೆ. ಪೆನ್ನಿನ ಮುಚ್ಚಳ ತೆಗೆದು ಹಾಕಿ ಮಾಡುತ್ತಾ ಕೇಳಿಸಿಕೊಂಡರು. "ಹೇಳಿದ್ದು ಒಳ್ಳೇದಾಯ್ತಮ್ಮ. ಆದ್ರೆ ಬೇರೆ ಯಾರ ಹತ್ರವೂ ಈಗ್ಲೇ ಬಾಯಿ ಬಿಡಬೇಡಿ. ಕೇಳಿದಾಗ ಹೇಳಿದ್ರೆ ಸಾಕು" ಅಂದರು. ಅದೂ ಸರಿಯೇ ಇರಬಹುದು. ಕೇಳಿಯೇ ಕೇಳುತ್ತಾರಲ್ಲ.

ಮಾರ್ಚ್ ೧೨, ಬುಧವಾರ

ಕೊಕ್ಕರೆಯನ್ನು ಸಸ್ಪೆಂಡ್ ಮಾಡಿದ್ದಾರೆ. ತನಿಖೆಯವರು ನಲವತ್ತೇಳನ್ನು ಮೊಹರು ಹಾಕಿದ ಚೀಲದಲ್ಲಿ ತಂದು ನನ್ನ ಮೇಜಿನ ಮೇಲೆಯೇ ಇಟ್ಟರು. ನಳಿಗೆಯ ಸ್ಥಿತಿ ಏನು, ಗುರಿ ಎಷ್ಟು ತಪ್ಪುತ್ತದೆ, ಪರೀಕ್ಷಿಸಿ ವರದಿ ಕೊಡಬೇಕಂತೆ. ನಾನೇ ಪಾಸು ಮಾಡಿದ ಪಿಸ್ತೂಲಿಗೆ ನಾನೇ ಪರೀಕ್ಷಕಿ. ತಾನೇ ಪ್ರಶ್ನೆಪತ್ರಿಕೆ ಬರೆದು ತಾನೇ ಉತ್ತರ ಬರೆದು ತಾನೇ ಅಂಕ ಕೊಟ್ಟುಕೊಂಡ ಹಾಗೆ. "ಈ ಕೆಲಸ ಬಲ್ಲವರು ಇಲ್ಲಿ ನೀವೊಬ್ಬರೇ ಅಲ್ವೇನ್ರೀ" ಅಂದರು. ಅದೂ ಹೌದು.

ಮಾರ್ಚ್ ೧೫, ಶನಿವಾರ

ಅಭ್ಯಾಸದ ಮೈದಾನದಲ್ಲಿ ಇವತ್ತು ಯಾರೂ ಇರಲಿಲ್ಲ. ಕೈಯ ಅಲುಗಾಟ ಲೆಕ್ಕಕ್ಕೆ ಸೇರಬಾರದೆಂದು ಪಿಸ್ತೂಲನ್ನು ಮೇಜಿನ ಕಬ್ಬಿಣದ ಇಕ್ಕಳದಲ್ಲಿ, ಅಂದರೆ ವೈಸಿನಲ್ಲಿ, ಬಿಗಿದೆ. ಇಪ್ಪತ್ತೈದು ಹೆಜ್ಜೆ ದೂರ ಹಾಳೆ ಕಟ್ಟಿ ಹತ್ತು ಗುಂಡು ಹೊಡೆದೆ. ಆಮೇಲೆ ಬೀರುವಿನಿಂದ ಹೊಸ ನಳಿಗೆ ತಂದು ಅದೇ ಪಿಸ್ತೂಲಿಗೆ ಹಾಕಿ ಇನ್ನೊಂದು ಹಾಳೆಗೆ ಹತ್ತು ಹೊಡೆದೆ. ಬದಲಾಯಿಸಲು ಹನ್ನೆರಡು ನಿಮಿಷ ಹಿಡಿಯಿತು. ಗಡಿಯಾರ ನೋಡಬಾರದಿತ್ತು, ನೋಡಿದೆ.

ಹೊಸ ನಳಿಗೆಯ ತೂತುಗಳು ನಡುಮಧ್ಯದಲ್ಲಿ, ಒಂದು ಬಟ್ಟಲಿನಲ್ಲಿ ಮುಚ್ಚಬಹುದು. ಗಾಯದ ನಳಿಗೆಯವು ಸ್ವಲ್ಪ ಚದುರಿವೆ, ಮತ್ತು ಎಲ್ಲವೂ ಎಡಕ್ಕೆ ಸರಿದಿವೆ.

ಮಾರ್ಚ್ ೧೬, ಭಾನುವಾರ

ಹಾಳೆಗಳನ್ನು ಮನೆಗೆ ತಂದಿದ್ದೆ. ಇವರು ಕನ್ನಡಕ ಏರಿಸಿಕೊಂಡು ಊಟದ ಮೇಜಿನ ಮೇಲೆ ಒಂದರ ಮೇಲೊಂದು ಇಟ್ಟು, ನಡುವಿನ ಜಾಗಕ್ಕೆ ಬೆರಳು ಜೋಡಿಸಿದರು. "ಮೂರು ಬೆರಳು" ಅಂದರು, ಇಡೀ ಕಟ್ಟಡಕ್ಕೆ ಕೇಳುವ ಹಾಗೆ. ಯಂತ್ರದವರ ಕಣ್ಣು. ಆಮೇಲೆ ನಾನು ಅಳತೆಪಟ್ಟಿ ಇಟ್ಟರೂ ಅಷ್ಟೇ ಬಂತು.

"ಆ ಹೆಂಗಸು ಕೈದಿಯಿಂದ ಎಷ್ಟು ದೂರ ಇದ್ರು?" ಅಂತ ಕೇಳಿದರು.

ಮೂರು ಅಡಿ ಎಂದು ಕೈ ಅಗಲಿಸಿ ತೋರಿಸಿದೆ.

"ಹಾಗಾದ್ರೆ ನಿನ್ನ ನಳಿಗೆ ಏನೂ ಮಾಡಿಲ್ಲ. ಮೂರು ಅಡಿ ತಪ್ಪಿರೋದು ಕೈಯಿಂದ. ಓಡಿ ಏದುಸಿರು ಬಿಡ್ತಾ ಹೊಡೆದ್ರೆ ಯಾರ ಕೈಯಾದ್ರೂ ನಿಲ್ಲುತ್ತಾ?"

ಕೂತು ಲೆಕ್ಕ ಹಾಕಿದೆ. ಹೌದು. ಹೊಸ ನಳಿಗೆ ಇದ್ದಿದ್ದರೂ ಗುಂಡು ಕೈದಿಗೆ ತಾಗುತ್ತಿರಲಿಲ್ಲ, ಆ ಬೆಂಚಿನ ಕಡೆಗೇ ಹೋಗುತ್ತಿತ್ತು. ಹನ್ನೆರಡು ದಿನದ ಮೇಲೆ ಇವತ್ತು ಎರಡನೇ ಸಲ ಬಡಿಸಿಕೊಂಡು ಉಂಡೆ. ಇವರು ನೋಡಿ ನಕ್ಕರು.

ಮಾರ್ಚ್ ೨೪, ಸೋಮವಾರ

ಕೊಕ್ಕರೆ ಮನೆಗೆ ಬಂದಿದ್ದ. ಗಡ್ಡ ಬಿಟ್ಟಿದ್ದಾನೆ. ಕುರ್ಚಿಯಲ್ಲಿ ಕೂತರೆ ಆ ಕಾಲುಗಳನ್ನು ಎಲ್ಲಿ ಇಡಬೇಕೆಂದು ತಿಳಿಯದೆ ಒದ್ದಾಡುತ್ತಿದ್ದ.

"ಅಕ್ಕಾ, ನಳಿಗೆ ಕೆಟ್ಟಿತ್ತು ಅಂತ ಒಂದು ಮಾತು ಬರೀರಿ. ನಾನು ಬೀಳಿಸಿದ್ದೂ ನಾನೇ ಹೇಳ್ತೀನಿ. ನಿಮ್ಮ ಕೈಗೆ ಕೊಟ್ಟಿದ್ದೆ, ನೀವು ಸರಿ ಇದೆ ಅಂತ ವಾಪಸ್ ಕೊಟ್ರಿ. ಅಷ್ಟೇ ಅಲ್ವಾ ನಡೆದಿದ್ದು?"

"ಅಷ್ಟೇ ನಡೆದಿದ್ದು. ಅದನ್ನೇ ಬರೀತೀನಿ. ಎಡಕ್ಕೆ ಮೂರು ಬೆರಳು ಎಳೆಯುತ್ತೆ ಅಂತಾನೂ ಬರೀತೀನಿ."

"ಮೂರು ಬೆರಳಾ? ಅಷ್ಟೇನಾ?"

"ಇರೋದು ಅಷ್ಟೇ ಕಣೋ."

ತನ್ನ ಬಲಗೈಯನ್ನು ತಿರುಗಿಸಿ ತಿರುಗಿಸಿ ನೋಡಿಕೊಂಡ. "ಮಿಕ್ಕಿದ್ದೆಲ್ಲ ನನ್ನದಾ ಹಾಗಾದ್ರೆ" ಅಂದ. ಮುಂದಿಟ್ಟ ಚಹಾ ಮುಟ್ಟದೆ ಎದ್ದುಹೋದ. ಮೆಟ್ಟಿಲ ತಿರುವಿನಲ್ಲಿ ನಿಂತು, "ನಿಮಗೇನೂ ಆಗಬಾರದು ಅಕ್ಕಾ, ಅದೂ ನನಗೆ ಗೊತ್ತು" ಅಂದ.

ನಿಜ ಬರೆದರೆ ಅವನಿಗೂ ಉಪಯೋಗವಿಲ್ಲ, ನನಗೂ ಇಲ್ಲ. ಆದರೂ ಬರೆಯಬೇಕು.

ಏಪ್ರಿಲ್ ೨, ಬುಧವಾರ

ವರದಿಗೆ ದೂರ, ಎತ್ತರ ಎಲ್ಲ ಬೇಕೆಂದು ತನಿಖೆಯ ಕಡತ ತರಿಸಿಕೊಂಡಿದ್ದೆ. ಅದರಲ್ಲಿ ಮರಣೋತ್ತರ ಪರೀಕ್ಷೆಯ ಕಾಗದವೂ ಇತ್ತು. ಓದಬೇಕಾದ ಅಗತ್ಯ ನನಗಿರಲಿಲ್ಲ.

ಗುಂಡು ಹೊಕ್ಕಿದ್ದು ಎಡಗಡೆ ಎದೆಯ ಅಂಚಿಗೆ, ಕಂಕುಳ ಪಕ್ಕದಲ್ಲಿ. ಅವರು ಕೊಕ್ಕರೆಯ ಕಡೆಗೆ ಮುಖ ಮಾಡಿ ಕೂತಿದ್ದರು. ಎಂದರೆ ಅವರ ಎಡ ಅವನಿಗೆ ಬಲ. ಗುಂಡು ಅವನ ಬಲಕ್ಕೆ ಇನ್ನೂ ಮೂರು ಬೆರಳು ಬಂದಿದ್ದರೆ ಎದೆ ಅಲ್ಲ, ತೋಳು. ತೋಳಿನ ಮಾಂಸ ಸೀಳಿಕೊಂಡು ಹೋಗುತ್ತಿತ್ತು. ನಾಲ್ಕು ಹೊಲಿಗೆ, ಒಂದು ತಿಂಗಳು ರಜೆ.

ಹೊಸ ನಳಿಗೆ ಇದ್ದಿದ್ದರೆ ಮೂರು ಬೆರಳು ಬಲಕ್ಕೇ ಬರುತ್ತಿತ್ತು.

ಸ್ನಾನದ ಕೋಣೆಯ ಕನ್ನಡಿ ಮುಂದೆ ನಿಂತು ನನ್ನ ಮೈಮೇಲೆ ಬೆರಳಿಟ್ಟು ನೋಡಿದೆ. ಒಂದು, ಎರಡು, ಮೂರು. ನಾಲ್ಕನೆಯದು ತೋಳಿನ ಮೇಲೆ ಬಂತು.

ಏಪ್ರಿಲ್ ೩, ಗುರುವಾರ

ರಜೆ ಹಾಕಿದೆ. ಏನೂ ಮಾಡಲಿಲ್ಲ.

ಏಪ್ರಿಲ್ ೯, ಬುಧವಾರ

ನಾನು ಬರೆದ ವರದಿಯ ಕರಡನ್ನು ದೊಡ್ಡ ಸಾಹೇಬರು ಎರಡು ಸಲ ಓದಿದರು. ಬಾಗಿಲು ಮುಚ್ಚಿಕೊಂಡು ಬಂದು ಎದುರಿನ ಕುರ್ಚಿಯಲ್ಲಿ ನನ್ನನ್ನು ಕೂರಿಸಿದರು. ಇಪ್ಪತ್ತೆರಡು ವರ್ಷದಲ್ಲಿ ಆ ಕುರ್ಚಿಯಲ್ಲಿ ಕೂತದ್ದು ಇದೇ ಮೊದಲು.

"ಈ ಮೂರು ಬೆರಳು ಅನ್ನೋ ಮಾತು ಯಾಕೆ ಬೇಕಮ್ಮ? ನೀವು ಇದನ್ನ ಬರೆದ್ರೆ, ಇಂಥ ಪಿಸ್ತೂಲು ಪಾಸು ಮಾಡಿದ್ದು ಯಾರು ಅಂತ ಮುಂದಿನ ಪ್ರಶ್ನೆ. ಅವನು ಒಳಗೆ ಹೋಗೋದು ತಪ್ಪೋದಿಲ್ಲ. ನೀವೂ ಹೋಗ್ತೀರಿ."

"ನಿಜ ಅದೇ ಸಾರ್" ಅಂದೆ.

"ಮೂರು ಅಡಿ ಮುಂದೆ ಮೂರು ಬೆರಳು ಗಣನೀಯ ಅಲ್ಲ. ಅದೂ ನಿಜವೇ ಅಲ್ವಾ?" ಕರಡನ್ನು ನನ್ನ ಕಡೆಗೆ ಸರಿಸಿದರು. "ಹೆಂಗಸಿನ ಕೈಗೆ ಆಯುಧ ಕೊಠಡಿ ಕೊಟ್ರೆ ಹೀಗೇ ಅಂತ ಹೇಳೋಕೆ ಎಷ್ಟು ಜನ ಕಾಯ್ತಿದ್ದಾರೆ, ನಿಮಗೆ ಗೊತ್ತು. ನಿಮ್ಮ ಹಿಂದೆ ಈ ಕೆಲಸಕ್ಕೆ ಬರೋ ಹೆಣ್ಣುಮಕ್ಕಳ ಕಥೆ ಏನು?"

ಯೋಚಿಸಿ ಹೇಳುತ್ತೇನೆ ಎಂದು ಬಂದೆ. ದಾರಿಯುದ್ದಕ್ಕೂ ಆ ಪದವೇ ನಾಲಗೆಯ ಮೇಲಿತ್ತು. ಗಣನೀಯ. ಗಣನೀಯವಲ್ಲ. ಸುಳ್ಳಂತೂ ಅಲ್ಲ.

ಏಪ್ರಿಲ್ ೧೭, ಗುರುವಾರ

ಹಳೆಯ ರಿಜಿಸ್ಟರಿನ ಹೊಲಿಗೆ ಬಿಟ್ಟಿದೆ, ಹಾಳೆಗಳು ಉದುರುತ್ತಿವೆ, ಹೊಸದಕ್ಕೆ ನಕಲು ಮಾಡಿ ಎಂದು ಆದೇಶ. ಸತ್ಯವಾಗಿಯೂ ಹೊಲಿಗೆ ಬಿಟ್ಟಿತ್ತು. ಮೂರು ದಿನದಿಂದ ಅದೇ ಕೆಲಸ. ಬಹಳ ವರ್ಷದ ಮೇಲೆ ಇಷ್ಟು ದುಂಡಗೆ ಬರೆದೆ. ನವೆಂಬರಿನ ಪುಟದಲ್ಲಿ ಒಂದು ಸಾಲು ಬಿಟ್ಟುಹೋಯಿತು. ಗಮನಕ್ಕೆ ಬರುವಷ್ಟರಲ್ಲಿ ಮುಂದಿನ ಪುಟವೂ ಮುಗಿದಿತ್ತು. ನಡುವೆ ತುರುಕಿದರೆ ಅಸಹ್ಯವಾಗಿ ಕಾಣುತ್ತದೆ. ಸಾಹೇಬರು ಪುಟ ತಿರುವಿ ನೋಡಿ, ಅಕ್ಷರ ಮುತ್ತಿನ ಹಾಗಿದೆ ಅಂದರು.

ಹಳೆಯದನ್ನು ಅವರೇ ಇಟ್ಟುಕೊಂಡರು.

ಏಪ್ರಿಲ್ ೨೯, ಮಂಗಳವಾರ

ವರದಿಗೆ ಸಹಿ ಹಾಕಿದೆ. 'ಸದರಿ ಆಯುಧದ ನಳಿಗೆಯು ಉಪಯೋಗಕ್ಕೆ ಯೋಗ್ಯವಾಗಿದ್ದು, ಗುರಿಯ ಮೇಲೆ ಗಣನೀಯ ಪರಿಣಾಮ ಬೀರುವಂತಹ ಯಾವುದೇ ದೋಷವು ಕಂಡುಬಂದಿರುವುದಿಲ್ಲ.'

ಪ್ರತಿಯನ್ನು ಮೇಜಿನ ಮೇಲಿಟ್ಟು ಕೈಕಾಲು ತೊಳೆಯಲು ಹೋಗಿದ್ದೆ. ಬರುವಷ್ಟರಲ್ಲಿ ಇವರು ಓದಿದ್ದರು.

"ಯಾರು ಬರೆದಿದ್ದು ಇದು?"

"ನಾನೇ."

"ನಿನ್ನ ಮಾತಿನ ಹಾಗಿಲ್ಲ."

"ವರದಿ ಅಂದ್ರೆ ಹಾಗೇ ಇರುತ್ತೆ" ಅಂದೆ. ಕೇಳಿಸಿತೋ ಇಲ್ಲವೋ. "ಮೂರು ಬೆರಳು ಎಲ್ಲಿ ಹೋಯ್ತು?" ಎಂದು ಜೋರಾಗಿ ಕೇಳಿದರು. ಕಿಟಕಿ ತೆರೆದಿತ್ತು. ಎದ್ದು ಮುಚ್ಚಿದೆ.

ಇವರು ಪ್ರತಿಯನ್ನು ಮಗುಚಿಟ್ಟು ಎದ್ದುಹೋದರು. ಕಿವಿ ಹೋದ ಮೇಲೆ ಇವರ ಸ್ವಭಾವ ತುಂಬ ಮೊಂಡಾಗಿದೆ.

ಮೇ ೬, ಮಂಗಳವಾರ

ಎಲ್ಲ ಪಿಸ್ತೂಲುಗಳ ನಳಿಗೆಗಳನ್ನೂ ಪರಿಶೀಲಿಸಿ ಅನುಮಾನ ಬಂದ ಆರನ್ನು ಬದಲಾಯಿಸಲು ಪಟ್ಟಿ ಮಾಡಿದೆ. ಸಾಹೇಬರು ಅಲ್ಲೇ ಮಂಜೂರು ಮಾಡಿದರು. ಈ ಘಟನೆಯಿಂದ ಇಷ್ಟಾದರೂ ಒಳ್ಳೆಯದಾಯಿತು.

ಪರೀಕ್ಷೆಯ ಎರಡು ಹಾಳೆಗಳು ಬಟ್ಟೆಯ ಕಪಾಟಿನಲ್ಲಿದ್ದವು. ಇವತ್ತು ನೋಡಿದರೆ ಇಲ್ಲ. ಹಳೆ ಪೇಪರಿನ ಜೊತೆ ಹೋಗಿರಬೇಕು. ನಾನೇ ಕಟ್ಟಿಟ್ಟಿದ್ದೆನೇನೋ. ಈಚೆಗೆ ಮರೆವು ಜಾಸ್ತಿ.

ನಿದ್ದೆ ಚೆನ್ನಾಗಿ ಬರುತ್ತಿದೆ.

ಮೇ ೨೨, ಗುರುವಾರ

ವಿಚಾರಣೆಗೆ ಕರೆದಿದ್ದರು. ಹತ್ತು ನಿಮಿಷವೂ ಆಗಲಿಲ್ಲ. ವರದಿ ನಿಮ್ಮದೇ ತಾನೇ ಎಂದರು, ಹೌದೆಂದೆ. ಆ ಪೇದೆ, ತಾನು ನವೆಂಬರಿನಲ್ಲಿ ಪಿಸ್ತೂಲನ್ನು ನಿಮಗೆ ತೋರಿಸಿದ್ದೆ ಎನ್ನುತ್ತಾನೆ, ನೆನಪಿದೆಯೇ ಎಂದರು. ದಿನಕ್ಕೆ ಇಪ್ಪತ್ತು ಆಯುಧ ನನ್ನ ಕೈಯಲ್ಲಿ ಬಂದು ಹೋಗುತ್ತವೆ, ರಿಜಿಸ್ಟರಿನಲ್ಲಿ ಏನಿದೆಯೋ ಅದೇ ಎಂದೆ. ರಿಜಿಸ್ಟರ್ ನೋಡಿದರು. ಆತ ಬೆಂಚಿನ ತುದಿಯಲ್ಲಿ ಕೂತು ನನ್ನನ್ನೇ ನೋಡುತ್ತಿದ್ದ. ನಾನು ಪ್ರಶ್ನೆ ಕೇಳುವವರ ಕಡೆಗೆ ಮುಖ ಮಾಡಿದ್ದೆ.

ಹೊರಗೆ ಬಂದಾಗ ಮೃತರ ಗಂಡ ಗೋಡೆಗೆ ಒರಗಿ ನಿಂತಿದ್ದರು. ಬಣ್ಣ ಹೊಡೆಯುವ ಕೆಲಸವಂತೆ, ಉಗುರಿನ ಸಂದಿಯಲ್ಲೆಲ್ಲ ಬಿಳಿ. ಹತ್ತಿರ ಬಂದು, "ಅಮ್ಮ, ಪಿಸ್ತೂಲು ನೋಡಿಕೊಳ್ಳೋರು ನೀವೇ ಅಂತೆ. ಒಂದು ಮಾತು ಕೇಳಬಹುದಾ? ಅದು ಸರಿ ಇತ್ತಾ?" ಅಂದರು.

"ಸರಿ ಇತ್ತು" ಅಂದೆ.

"ಏನೂ ಕೆಟ್ಟಿರಲಿಲ್ಲ?"

"ಇಲ್ಲ."

ತುಂಬ ಹೊತ್ತು ತಲೆಯಾಡಿಸುತ್ತಾ ನಿಂತರು. "ಅಷ್ಟು ಗೊತ್ತಾದ್ರೆ ಸಾಕಾಗಿತ್ತು ನನಗೆ. ಯಾರನ್ನ ಬೈಯಬೇಕು ಅಂತಾನೇ ತಿಳೀತಿರಲಿಲ್ಲ. ಅವನೇ ಹಾಗಾದ್ರೆ. ಅವನೊಬ್ಬನೇ" ಅಂದರು. ನನಗೆ ಥ್ಯಾಂಕ್ಸ್ ಹೇಳಿ ಹೋದರು.

ಪಾಪ, ಅವರಿಗಾದರೂ ನೆಮ್ಮದಿಯಾಯಿತು.

ಜೂನ್ ೧೦, ಮಂಗಳವಾರ

ಸದರಿ ಪೇದೆಯನ್ನು ಕೆಲಸದಿಂದ ವಜಾ ಮಾಡಿದ್ದಾರೆ. ನ್ಯಾಯಾಲಯದಲ್ಲಿ ಮೊಕದ್ದಮೆ ನಡೆಯುತ್ತದಂತೆ. ಹೊಸ ನಳಿಗೆಗಳು ಬಂದವು. ಪೆಟ್ಟಿಗೆ ಬಿಚ್ಚಿ ಎಣಿಸಿ ಇಟ್ಟೆ.

ಇವರು ಈಗ ನಡುಮನೆಯಲ್ಲೇ ಮಲಗುತ್ತಾರೆ. ಅಲ್ಲಿ ಗಾಳಿ ಚೆನ್ನಾಗಿ ಬರುತ್ತದೆ.

ಜುಲೈ ೧೫, ಮಂಗಳವಾರ

ಸಂಜೆ ಬಾಗಿಲು ತಟ್ಟಿದ ಸದ್ದಾಯಿತು. ತೆರೆದರೆ ಆತ. ಗಡ್ಡ ತೆಗೆದಿದ್ದ, ಮುಖ ಇಳಿದುಹೋಗಿತ್ತು. ಥಟ್ಟನೆ ಗುರುತು ಸಿಗಲಿಲ್ಲ.

"ಒಳಗೆ ಬರಲ್ಲ ಅಕ್ಕಾ. ಒಂದು ಮಾತು ಹೇಳಿ ಹೋಗ್ತೀನಿ" ಅಂದ.

ಮುಂದಿನ ವಾರ ಮೊಕದ್ದಮೆ ಶುರುವಾಗುತ್ತದೆ. ಏಳೆಂಟು ವರ್ಷ ಆಗಬಹುದೆಂದು ವಕೀಲರು ಹೇಳಿದ್ದಾರಂತೆ. ಪತ್ರಿಕೆಯಲ್ಲಿ ಓದಿದ ಯಾರದೋ ಸುದ್ದಿ ಹೇಳುವ ಹಾಗೆ ಹೇಳಿದ.

"ವಕೀಲರು ನಿಮ್ಮ ವರದಿ ಕೊಟ್ರು. ಹತ್ತು ಸಲ ಓದಿದೆ. ಮೊದಲು ಸಿಟ್ಟು ಬಂತು. ಅಕ್ಕ ಮೂರು ಬೆರಳು ಅಂದಿದ್ರು, ಇಲ್ಲಿ ಅದೂ ಇಲ್ಲ ಅಂತ. ಆಮೇಲೆ ಅನ್ನಿಸ್ತು, ನಾನು ಅಷ್ಟು ಗೋಗರೆದೆ ಅಂತ ನೀವು ಅವತ್ತು ನನ್ನ ಸಮಾಧಾನಕ್ಕೆ ಹೇಳಿರಬೇಕು. ಬರೆಯೋವಾಗ ನೀವು ಸುಳ್ಳು ಬರೆಯೋರಲ್ಲ. ನೀವು ಇಲ್ಲ ಅಂದ್ರೆ ಇಲ್ಲ."

ನಾನು ಬಾಗಿಲ ಚಿಲಕ ಹಿಡಿದುಕೊಂಡೇ ನಿಂತಿದ್ದೆ.

"ನಳಿಗೆ ಕೆಟ್ಟಿತ್ತು, ಅಕ್ಕ ಬದಲಾಯಿಸ್ಲಿಲ್ಲ ಅಂತ ಊರೆಲ್ಲ ಹೇಳ್ಕೊಂಡು ತಿರುಗಿದೆ. ಅಮ್ಮನ ಹತ್ರಾನೂ ಹೇಳಿದ್ದೆ. ಅದು ನನ್ನ ಕೈಯೇ ಅಕ್ಕಾ. ಪೂರ್ತಿ ನನ್ನ ಕೈಯೇ. ಕೂತ್ಕೊಂಡಿದ್ದೋರನ್ನ ನಾನೇ ಕೊಂದೆ. ತಪ್ಪು ನಿಮ್ಮ ಮೇಲೆ ಹಾಕೋಕೆ ನೋಡಿದ್ದು ಅದಕ್ಕಿಂತ ಕೆಟ್ಟದ್ದು. ಒಳಗೆ ಹೋಗೋ ಮುಂಚೆ ಕ್ಷಮೆ ಕೇಳಬೇಕಿತ್ತು."

ಅವನು ಅಳಲಿಲ್ಲ. ಅತ್ತಿದ್ದರೆ ಒಳಗೆ ಕರೆಯುತ್ತಿದ್ದೆ. ಭುಜ ತಟ್ಟಿ, "ಆಗಿದ್ದು ಆಯ್ತು. ನಾನೇನೂ ಮನಸ್ಸಲ್ಲಿ ಇಟ್ಕೊಂಡಿಲ್ಲ" ಅಂದೆ. ತಲೆ ತಗ್ಗಿಸಿ ಒಂದೊಂದೇ ಮೆಟ್ಟಿಲು ಇಳಿದು ಹೋದ. ಮೊದಲಾದರೆ ಮೂರು ಮೂರು ಹಾರುತ್ತಿದ್ದ.

ಹಿಂದೆ ತಿರುಗಿದರೆ ಇವರು ಕುರ್ಚಿಯಲ್ಲಿ ಕೂತು ನೋಡುತ್ತಿದ್ದರು.

"ಏನಂತೆ?"

"ಕ್ಷಮೆ ಕೇಳೋಕೆ ಬಂದಿದ್ದ."

"ಯಾರು ಯಾರ ಹತ್ರ?"

ನನ್ನ ತುಟಿ ಸರಿಯಾಗಿ ಕಾಣಲಿಲ್ಲವೇನೋ, ಹಾಗೇ ನೋಡುತ್ತಾ ಉತ್ತರಕ್ಕೆ ಕಾದರು. ಇನ್ನೊಂದು ಸಲ ಹೇಳುವಷ್ಟು ತ್ರಾಣ ಇರಲಿಲ್ಲ. ಅಡುಗೆ ಮನೆಗೆ ಬಂದೆ.

ಈಗ ಎದೆಯ ಮೇಲಿನ ಕಲ್ಲು ಇಳಿಸಿದ ಹಾಗಿದೆ. ಇಷ್ಟು ದಿನ ಆ ಹುಡುಗನ ಬಗ್ಗೆ ಒಂದು ಕಸಿವಿಸಿ ಇತ್ತು, ಸುಳ್ಳೇಕೆ ಹೇಳಬೇಕು. ಮಾಡಿದ ತಪ್ಪನ್ನು ಬಾಗಿಲವರೆಗೆ ಬಂದು ಒಪ್ಪಿಕೊಳ್ಳುವುದು ಎಲ್ಲರ ಕೈಲಾಗುವ ಕೆಲಸವಲ್ಲ. ಒಳ್ಳೆಯ ಮನೆಯ ಹುಡುಗ.

ನಾನೂ ಮನಸಾರೆ ಕ್ಷಮಿಸಿದ್ದೇನೆ.